ಆಕಳು-ಎಮ್ಮೆ ಗಬ್ಬ ನಿಲ್ಲದಿರಲು ಕಾರಣಗಳೇನು?



ಸುಗ್ಗಿ ಮುಗಿದ ಮೇಲೆ ಕಾಗಿನೆಲೆ ಸುತ್ತಿನ ಹೊಲಗಳಲ್ಲಿ ಕುರಿ ತರುಬುವ ಕುರಿಗಾರರನ್ನು ನೀವೆಲ್ಲ ಬಲ್ಲಿರಿ. ಹಟ್ಟಿಯ ಸಾಮಾನು ಹೊರಲು ಅವರ ಬಳಿ ಒಂದೆರಡು ಕುದುರೆಗಳೂ ಇರುತ್ತವೆ. ಕೆಲವು ವರ್ಷಗಳ ಹಿಂದೆ ಕಾಗಿನೆಲೆ ಕಡೆ ಬಂಜೆತನ ಚಿಕಿತ್ಸಾ ಶಿಬಿರ ಇಟ್ಟಿದ್ದಾಗ ಅಂಥ ಕುರಿಗಾರರೊಬ್ಬರು ತಮ್ಮ ಹೆಣ್ಣುಗುದುರೆಯನ್ನು ತೋರಿಸಲು ತಂದರು. "ಮರಿ ಹಾಕಿದ ಒಂಬತ್ತನೇ ದಿನಕ್ಕೆ ಬೆದೆಗೆ ಬಂತ್ರಿ, ಆರು ದಿನ ಇತ್ತು, ಅಮಾಸಿ ಮರುದಿನ ಬಿಟ್ಟಿತು" ಎಂದು ಲೆಕ್ಕ ಒಪ್ಪಿಸಿದರು. ಅವರ ಹಿಂದೆಯೇ ಸರದಿಯಲ್ಲಿ ನಮ್ಮ ಸದಸ್ಯರೊಬ್ಬರು ಎಮ್ಮೆ ಹಿಡಿದು ನಿಂತಿದ್ದರು. "ಎಂದು ಬೆದೆಗೆ ಬಂದಿತ್ತು?" ಎಂದು ಕೇಳಿದೆ. "ಹ್ವಾದ ತಿಂಗಳ ಯಾವಾಗೋ ಬಂದಂಗಿತ್ತ್ರಿ" ಎಂದರು.

ಇಬ್ಬರಲ್ಲಿ ಒಬ್ಬರು ಜಾಣರು, ಇನ್ನೊಬ್ಬರು ಅಲ್ಲ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಹೆಣ್ಣುಗುದುರೆಯ ಬೆದೆ ಸಾಮಾನ್ಯವಾಗಿ 5ರಿಂದ 7 ದಿನ ಇರುತ್ತದೆ. ಒಂದು ದಿನ ನೋಡದಿದ್ದರೆ ಮರುದಿನವಾದರೂ ಕಣ್ಣಿಗೆ ಬೀಳುತ್ತದೆ. ಆಕಳ ಬೆದೆ ಇರುವುದು ಬರೀ 12ರಿಂದ 18 ಗಂಟೆ. ರಾತ್ರಿ ಶುರುವಾದದ್ದು ಮರುದಿನ ಸಂಜೆಯೊಳಗೆ ಮುಗಿದಿರುತ್ತದೆ. ಎಮ್ಮೆಯಂತೂ ಬೆದೆಯನ್ನು ಮುಚ್ಚಿಡುವ ಪ್ರಾಣಿ. ಆದ್ದರಿಂದ ಕುದುರೆ ಸಾಕುವವನಿಗಿಂತ ಹೆಚ್ಚಿನ ಲೆಕ್ಕ ಬೇಕಾಗಿರುವುದು ಹಾಲಿನ ದನ ಸಾಕುವವರಿಗೆ.

"ಡಾಕ್ಟರೇ, ಎಷ್ಟು ಸೂಜಿ ಹಾಕಿಸಿದರೂ ಗಬ್ಬ ನಿಲ್ಲವಲ್ಲದು" ಎಂಬ ದೂರು ಸಂಘಕ್ಕೆ ಹೋದಾಗಲೆಲ್ಲ ಕೇಳಿಬರುತ್ತದೆ. ಸೂಜಿ ಸರಿಯಿಲ್ಲ, ಹಾಕಿದವರ ಕೈ ಸರಿಯಿಲ್ಲ, ಯಾರದೋ ಕಣ್ಣು ಬಿದ್ದಿದೆ ಎಂದು ಕಾರಣಗಳನ್ನೂ ಹೇಳುತ್ತಾರೆ. ಕೊನೆಗೆ ಒಂದು ದಿನ ಆ ದನಕ್ಕೆ 'ಗೊಡ್ಡು' ಎಂಬ ಹೆಸರು ಬಿದ್ದು, ಹಾವೇರಿ ಸಂತೆಯಲ್ಲಿ ಸಿಕ್ಕ ಬೆಲೆಗೆ ಹೋಗಿಬಿಡುತ್ತದೆ. ನಾನು ಪರೀಕ್ಷಿಸಿದ ಇಂಥ ದನಗಳಲ್ಲಿ ನಿಜವಾದ ಗೊಡ್ಡುಗಳು ಕಡಿಮೆ. ಹೆಚ್ಚಿನವುಗಳಲ್ಲಿ ಹೊತ್ತು ತಪ್ಪಿತ್ತು, ಇಲ್ಲವೇ ಹೊಟ್ಟೆಗೆ ಬೇಕಾದದ್ದು ಸಿಕ್ಕಿರಲಿಲ್ಲ. ಎರಡನ್ನೂ ಮನೆಯಲ್ಲೇ ಸರಿಪಡಿಸಬಹುದು.

ಬೆದೆಯ ಲೆಕ್ಕ

ಆಕಳು ಮತ್ತು ಎಮ್ಮೆ ಗಬ್ಬವಾಗದಿದ್ದರೆ ಸರಾಸರಿ 21 ದಿನಗಳಿಗೊಮ್ಮೆ ಬೆದೆಗೆ ಬರುತ್ತವೆ. ಇದು 18ರಿಂದ 24 ದಿನಗಳವರೆಗೆ ಹೆಚ್ಚುಕಡಿಮೆ ಆಗಬಹುದು. ಒಂದು ಬೆದೆ ಕೈತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಹಾಲು ಬತ್ತಿದ ದನದ ಮೇವು-ಹಿಂಡಿಗೆ ದಿನಕ್ಕೆ 100 ರೂಪಾಯಿ ಎಂದು ಹಿಡಿದರೂ ಒಂದು ಬೆದೆ ತಪ್ಪಿದ್ದಕ್ಕೆ 2,100 ರೂಪಾಯಿ ನಷ್ಟವಾಯಿತು. ಮೂರು ಸಲ ತಪ್ಪಿದರೆ 6,300 ರೂಪಾಯಿ. ಮುಂದಿನ ಕರು ಎರಡು ತಿಂಗಳು ತಡವಾಗುವುದು, ಅದರ ಹಾಲು ಎರಡು ತಿಂಗಳು ಮುಂದೆ ಹೋಗುವುದು ಈ ಲೆಕ್ಕದಲ್ಲಿ ಸೇರಿಲ್ಲ.

ಬೆದೆಗೆ ಬಂದ ಆಕಳಲ್ಲಿ ಈ ಲಕ್ಷಣಗಳನ್ನು ನೋಡಬಹುದು:

1. ಮೇಲಿಂದ ಮೇಲೆ ಒದರುತ್ತದೆ, ನಿಂತಲ್ಲಿ ನಿಲ್ಲುವುದಿಲ್ಲ, ಮೇವು ಕಡಿಮೆ ತಿನ್ನುತ್ತದೆ.
2. ಹಾಲು ಏಕಾಏಕಿ ಕಡಿಮೆಯಾಗುತ್ತದೆ.
3. ಯೋನಿದ್ವಾರ ಬಾತು ಕೆಂಪಾಗಿರುತ್ತದೆ. ಕೋಳಿಮೊಟ್ಟೆಯ ಬಿಳಿಭಾಗದಂಥ ತಿಳಿಯಾದ ಲೋಳೆ ಎಳೆಎಳೆಯಾಗಿ ಸೋರುತ್ತದೆ.
4. ಸ್ವಲ್ಪಸ್ವಲ್ಪ ಉಚ್ಚೆಯನ್ನು ಹಲವು ಬಾರಿ ಹೊಯ್ಯುತ್ತದೆ.
5. ಬೇರೆ ದನಗಳ ಮೇಲೆ ಹಾರುತ್ತದೆ. ಬೇರೆ ದನ ತನ್ನ ಮೇಲೆ ಹಾರಿದಾಗ ಅಲುಗಾಡದೆ ನಿಲ್ಲುತ್ತದೆ. ಇದೇ ಎಲ್ಲಕ್ಕಿಂತ ನಂಬಿಕೆಯ ಲಕ್ಷಣ.

ಒಂಟಿ ದನ ಕಟ್ಟಿದ ಮನೆಯಲ್ಲಿ ಐದನೆಯ ಲಕ್ಷಣ ಕಾಣಲು ಸಾಧ್ಯವಿಲ್ಲ. ಅಂಥವರು ಲೋಳೆ ಮತ್ತು ಹಾಲಿನ ಅಳತೆಯ ಮೇಲೆ ಕಣ್ಣಿಡಬೇಕು. ಬೆಳಗಿನ ಜಾವ, ಮಧ್ಯಾಹ್ನ ಹಾಗೂ ರಾತ್ರಿ ಮಲಗುವ ಮುನ್ನ ಸ್ವಲ್ಪ ಹೊತ್ತು ದನದ ಹಿಂದೆ ನಿಂತು ನೋಡತಕ್ಕದ್ದು. ದನ ಮಲಗಿ ಎದ್ದ ಜಾಗದಲ್ಲಿ ಲೋಳೆ ಬಿದ್ದಿದೆಯೇ ಎಂದೂ ನೋಡಬೇಕು.

ಇನ್ನೊಂದು ಮಾತು. ಬೆದೆಗೆ ಬಂದ ಒಂದೆರಡು ದಿನಗಳ ನಂತರ ಕೆಲವು ಆಕಳು, ಮಣಕಗಳಲ್ಲಿ ಸ್ವಲ್ಪ ರಕ್ತ ಕಾಣಿಸಿಕೊಳ್ಳುತ್ತದೆ. ಇದನ್ನು ಕಂಡು ಓಡೋಡಿ ಬಂದು ಸೂಜಿ ಹಾಕಿಸುವವರಿದ್ದಾರೆ. ರಕ್ತ ಕಂಡಿತೆಂದರೆ ಬೆದೆ ಮುಗಿದು ಹೋಗಿದೆ ಎಂದೇ ಅರ್ಥ. ಆಗ ಸೂಜಿ ಹಾಕಿಸಿ ಪ್ರಯೋಜನವಿಲ್ಲ. ಆ ದಿನವನ್ನು ಬರೆದಿಟ್ಟುಕೊಂಡು ಸುಮಾರು 16 ದಿನಗಳ ನಂತರ ಮುಂದಿನ ಬೆದೆಗಾಗಿ ಕಾಯಲು ಶುರು ಮಾಡಬೇಕು.

ಯಾವ ಹೊತ್ತಿಗೆ ಸೂಜಿ ಹಾಕಿಸಬೇಕು?

ಬೆದೆ ಮುಗಿದ ಸುಮಾರು 10ರಿಂದ 12 ಗಂಟೆಗಳ ನಂತರ ಆಕಳ ಅಂಡಾಶಯದಿಂದ ಅಂಡ ಹೊರಬೀಳುತ್ತದೆ. ಅದಕ್ಕೆ ಕಸುವಿರುವುದು ಕೆಲವೇ ಗಂಟೆಗಳ ಕಾಲ. ಗರ್ಭಕೋಶ ಸೇರಿದ ವೀರ್ಯಾಣುಗಳು ಹೆಚ್ಚೆಂದರೆ ಒಂದು ದಿನ ಬದುಕಿರುತ್ತವೆ. ಅವು ಅಂಡದೊಡನೆ ಕೂಡಲು ಹದವಾಗುವುದಕ್ಕೂ ಕೆಲವು ಗಂಟೆ ಬೇಕು. ತೀರ ಬೇಗ ಹಾಕಿಸಿದರೆ ಅಂಡ ಬರುವ ಮೊದಲೇ ವೀರ್ಯಾಣು ಸಾಯುತ್ತವೆ. ತಡವಾದರೆ ಅಂಡವೇ ಕೆಟ್ಟಿರುತ್ತದೆ.

ಹೀಗಾಗಿ ಹಳೆಯ ನಿಯಮವೇ ಇಂದಿಗೂ ಸರಿ: ಬೆಳಿಗ್ಗೆ ಬೆದೆ ಕಂಡರೆ ಅದೇ ದಿನ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಬೆದೆ ಎರಡು ದಿನ ಉಳಿಯುವ ದನಕ್ಕೆ ಎರಡನೆಯ ಸೂಜಿಯ ಅವಶ್ಯಕತೆ ಬೀಳಬಹುದು.

ನಮ್ಮ ಮನೆಗಳಲ್ಲಿ ಇದು ತಪ್ಪುವುದು ಹೇಗೆ ಎಂಬುದನ್ನೂ ಹೇಳಬೇಕು. ಬೆಳಿಗ್ಗೆ ಐದಕ್ಕೆ ಹಾಲು ಹಿಂಡುವ ತಾಯಂದಿರು ಲೋಳೆಯನ್ನು ನೋಡಿರುತ್ತಾರೆ. ಯಜಮಾನರು ಹೊಲಕ್ಕೋ, ಬ್ಯಾಡಗಿಯ ಮೆಣಸಿನಕಾಯಿ ಪ್ಯಾಟೆಗೋ ಹೋಗಿರುತ್ತಾರೆ. ಅವರು ರಾತ್ರಿ ಬಂದ ಮೇಲೆ ವಿಷಯ ತಿಳಿದು, ಮರುದಿನ ಹತ್ತು ಗಂಟೆಗೆ ನಮಗೆ ಹೇಳಿಕಳಿಸುತ್ತಾರೆ. ಅಷ್ಟರಲ್ಲಿ ಮೊದಲ ಲಕ್ಷಣ ಕಂಡು 29 ಗಂಟೆ ಆಗಿರುತ್ತದೆ. ನೋಡಿದವರೇ ತಡಮಾಡದೆ ಸಂಘದ ಕಾರ್ಯದರ್ಶಿಗೆ ಅಥವಾ ಗರ್ಭಧಾರಣೆ ಕಾರ್ಯಕರ್ತರಿಗೆ ಫೋನ್ ಮಾಡುವಂತಾಗಬೇಕು. ಹಾಲು ಹಿಂಡುವವರ ಕಣ್ಣೇ ದನದ ಮೊದಲ ಡಾಕ್ಟರು.

ಎಮ್ಮೆಯ ಮೂಕ ಬೆದೆ

ಎಮ್ಮೆಯಲ್ಲಿ ಬೆದೆಯ ಲಕ್ಷಣಗಳು ಮಂದ. ಒಂದರ ಮೇಲೊಂದು ಹಾರುವುದು ಅಪರೂಪ, ಲೋಳೆಯೂ ಕಡಿಮೆ. ಬೆದೆ ಹೆಚ್ಚಾಗಿ ರಾತ್ರಿ ಮತ್ತು ನಸುಕಿನಲ್ಲಿ ಎದ್ದು ಕಾಣುತ್ತದೆ. ಮೇಲಿಂದ ಮೇಲೆ ಉಚ್ಚೆ ಹೊಯ್ಯುವುದು, ಬಾಲ ಎತ್ತಿ ಹಿಡಿಯುವುದು, ಒದರುವುದು, ಹಿಂಡುವ ಹೊತ್ತಿಗೆ ಮೊದಲೇ ಮೊಲೆ ತುಂಬಿ ಬಿಗಿಯುವುದು, ಹಾಲು ಏರುಪೇರಾಗುವುದು ಇವನ್ನೇ ಗಮನಿಸಬೇಕು. ಊರಲ್ಲಿ ಕೋಣವಿದ್ದರೆ ಅದು ಮೂಸಿ ನಿಲ್ಲುವ ಎಮ್ಮೆಯನ್ನು ಗುರುತಿಸಿಕೊಳ್ಳಿ.

ಕಾಲಮಾನವೂ ಇಲ್ಲಿ ಕೆಲಸ ಮಾಡುತ್ತದೆ. ಕುದುರೆ ಹಗಲು ದೊಡ್ಡದಾಗುತ್ತ ಹೋದಾಗ ಬೆದೆಗೆ ಬರುವ ಪ್ರಾಣಿ. ಕುಣಿಗಲ್ಲಿನಂಥ ಹೆಸರಾಂತ ಕುದುರೆ ಫಾರಂಗಳ ಸುದ್ದಿ ನೀವು ಕೇಳಿರಬಹುದು. ಕುದುರೆ ಸಾಕುವವರು ಎಲ್ಲೆಡೆ ಈ ಗುಣ ಬಲ್ಲವರೇ. ತಣ್ಣನೆಯ ದೇಶಗಳಲ್ಲಿ ಚಳಿಗಾಲದ ರಾತ್ರಿ ಲಾಯದಲ್ಲಿ ದೀಪ ಉರಿಸಿ, ಹಗಲನ್ನು ಹಿಗ್ಗಿಸಿ, ಬೆದೆಯನ್ನು ಮುಂಚಿತವಾಗಿ ತರಿಸುತ್ತಾರೆ. ಎಮ್ಮೆ ಇದಕ್ಕೆ ಪೂರ್ತಿ ವಿರುದ್ಧ. ಹಗಲು ಕಿರಿದಾಗುತ್ತ ಬಂದು ಹವೆ ತಂಪಾದಾಗ, ಅಂದರೆ ಸುಮಾರಾಗಿ ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ, ಹೆಚ್ಚಿನ ಎಮ್ಮೆಗಳು ಬೆದೆಗೆ ಬರುತ್ತವೆ. ಈ ಆರು ತಿಂಗಳು ಕೈಬಿಟ್ಟರೆ ಬೇಸಿಗೆಯಲ್ಲಿ ಎಮ್ಮೆ ಬೆದೆಗೇ ಬರಲಿಲ್ಲ ಎಂದು ಕೊರಗಬೇಕಾಗುತ್ತದೆ.

ಬೇಸಿಗೆಯಲ್ಲಿ ಎಮ್ಮೆಗೆ ಕೆರೆಯ ನೀರು ಸಿಗುವಂತಿದ್ದರೆ ಮಧ್ಯಾಹ್ನ ಬಿಡಿ. ಇಲ್ಲವಾದರೆ ದಿನಕ್ಕೆ ಎರಡು ಮೂರು ಬಾರಿ ಮೈಮೇಲೆ ನೀರು ಹೊಯ್ಯಿರಿ. ಎಚ್.ಎಫ್. ಮಿಶ್ರತಳಿ ಆಕಳುಗಳಿಗೂ ಏಪ್ರಿಲ್-ಮೇ ತಿಂಗಳ ಬಿಸಿಲು ಆಗದು. ಸೂಜಿಯ ನಂತರ ಮೈ ಕಾದರೆ ಕಟ್ಟಿದ ಭ್ರೂಣವೂ ಮೊದಲ ವಾರಗಳಲ್ಲೇ ಕರಗಿ ಹೋಗಬಹುದು. ತಗಡಿನ ಕೊಟ್ಟಿಗೆಯ ಮೇಲೆ ಸೊಪ್ಪೆ ಹೊದಿಸುವುದು, ಮರದ ನೆರಳಿಗೆ ಕಟ್ಟುವುದು, ಕುಡಿಯಲು ತಣ್ಣೀರು ಸದಾ ಇಡುವುದು ಖರ್ಚಿಲ್ಲದ ಉಪಾಯಗಳು.

ಹೊಟ್ಟೆಗಿಲ್ಲದ ದನ ಗಬ್ಬ ಕಟ್ಟದು

ದನದ ಮೈ ಮೊದಲು ತನ್ನ ಜೀವ ನೋಡಿಕೊಳ್ಳುತ್ತದೆ, ಆಮೇಲೆ ಹಾಲು, ಕೊನೆಗೆ ಗರ್ಭ. ಈದ ಮೊದಲ ಎರಡು ತಿಂಗಳಲ್ಲಿ ಹಾಲು ಏರುತ್ತದೆ, ಆದರೆ ಮೇವು ತಿನ್ನುವ ಶಕ್ತಿ ಅಷ್ಟು ಬೇಗ ಏರುವುದಿಲ್ಲ. ಆಗ ಮೈಯ ಕೊಬ್ಬು ಕರಗಿಸಿ ಹಾಲು ಕೊಡುತ್ತದೆ. ಪಕ್ಕೆಲುಬು ಎದ್ದು ಕಾಣುವಷ್ಟು ಸೊರಗಿದ ದನದ ಅಂಡಾಶಯ ಕೆಲಸ ನಿಲ್ಲಿಸಿಬಿಡುತ್ತದೆ. ಅದಕ್ಕೆ ಎಷ್ಟು ಇಂಜೆಕ್ಷನ್ ಕೊಟ್ಟರೂ ಫಲ ಕಡಿಮೆ.

ನಮ್ಮ ಭಾಗದಲ್ಲಿ ಗೋವಿನಜೋಳ ಹೆಚ್ಚು. ಕಾಳು ಮಾರಿ ಒಣ ಸೊಪ್ಪೆ ಹಾಕಿದರೆ ಹೊಟ್ಟೆ ತುಂಬುತ್ತದೆ, ಪೋಷಣೆ ಸಾಲದು. ಒಣ ಮೇವಿನಲ್ಲಿ ಎ ಜೀವಸತ್ವಕ್ಕೆ ಬೇಕಾದ ಹಸಿರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಸದಸ್ಯರು ಈ ಕೆಳಗಿನಂತೆ ಮಾಡುವುದು ಒಳ್ಳೆಯದು:

- ಮೈ ಪೋಷಣೆಗೆ ದಿನಕ್ಕೆ 1ರಿಂದ 1.5 ಕಿಲೋ ಪಶು ಆಹಾರ. ಇದರ ಜೊತೆಗೆ ಆಕಳಿಗೆ ಪ್ರತಿ 2.5 ಲೀಟರ್ ಹಾಲಿಗೆ, ಎಮ್ಮೆಗೆ ಪ್ರತಿ 2 ಲೀಟರ್ ಹಾಲಿಗೆ 1 ಕಿಲೋ.
- ಗಬ್ಬದ ಕೊನೆಯ ಎರಡು ತಿಂಗಳು ಹಾಲು ಬತ್ತಿಸಿ, ಹೆಚ್ಚಿಗೆ 1ರಿಂದ 1.5 ಕಿಲೋ ಪಶು ಆಹಾರ. ಮುಂದಿನ ಗಬ್ಬಕ್ಕೆ ತಯಾರಿ ಇಲ್ಲಿಂದಲೇ ಶುರು.
- ಹಾಲು ಹಿಂಡುವ ದನಕ್ಕೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ. ಬೆದೆಗೆ ಬಂದಾಗ ನಾಲ್ಕು ದಿನ ಕೊಟ್ಟು ಬಿಟ್ಟರೆ ಗುಣ ಸಿಗದು, ವರ್ಷವಿಡೀ ಕೊಡಬೇಕು.
- ಬದುವಿನ ಮೇಲಾದರೂ ಸರಿ, ಹಸಿರು ಮೇವಿಗೆ ನಾಲ್ಕು ಸಾಲು ಜಾಗ.
- ಡಾಕ್ಟರ ಸಲಹೆಯಂತೆ ಜಂತುನಾಶಕ ಔಷಧಿ.

ಮಿಶ್ರತಳಿ ಮಣಕಗಳಿಗೆ ವಯಸ್ಸಿಗಿಂತ ತೂಕ ನೋಡಿ ಸೂಜಿ ಹಾಕಿಸಬೇಕು. ಸುಮಾರು 250 ಕಿಲೋ ತೂಗಿದ ಮಣಕ ತಯಾರಾದಂತೆ. ಚೆನ್ನಾಗಿ ಮೇಯಿಸಿದರೆ ಒಂದೂವರೆ ವರ್ಷಕ್ಕೇ ಈ ತೂಕ ಬರುತ್ತದೆ. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಮಾತ್ರ ಬಹುಪಾಲು ಹುಟ್ಟಾ ಬಂಜೆಯಾಗಿರುತ್ತದೆ. ಅದನ್ನು ಬೇಗನೆ ಪರೀಕ್ಷೆ ಮಾಡಿಸಿದರೆ ಎರಡು ವರ್ಷದ ಮೇವು ಉಳಿಯುತ್ತದೆ.

ಈದ ನಂತರದ 60 ದಿನ

ಈದ ಮೇಲೆ ಗರ್ಭಕೋಶ ಮೊದಲಿನ ಸ್ಥಿತಿಗೆ ಬರಲು 40ರಿಂದ 45 ದಿನ ಹಿಡಿಯುತ್ತದೆ. ಹೆಣ್ಣುಗುದುರೆಯಂತೆ ಹತ್ತು ದಿನಕ್ಕೆಲ್ಲ ಇದು ತಯಾರಾಗದು. ಆದ್ದರಿಂದ ಎರಡು ತಿಂಗಳು ತುಂಬಿದ ಮೇಲೆ ಬಂದ ಬೆದೆಗೆ ಸೂಜಿ ಹಾಕಿಸಬೇಕು. ಆಕಳ ಗಬ್ಬದ ಅವಧಿ ಸುಮಾರು 280 ದಿನ. ಈದ 85 ದಿನಗಳೊಳಗೆ ಗಬ್ಬ ನಿಂತರೆ ವರ್ಷಕ್ಕೊಂದು ಕರು ಸಿಗುತ್ತದೆ. ಎಮ್ಮೆ ಸುಮಾರು 310 ದಿನ ಹೊರುವುದರಿಂದ 13-14 ತಿಂಗಳಿಗೆ ಒಂದು ಕರು ಬಂದರೆ ತೃಪ್ತಿಪಡಬಹುದು.

ಈದ 12 ಗಂಟೆ ಕಳೆದರೂ ಮಾಸು ಬೀಳದಿದ್ದರೆ ಡಾಕ್ಟರಿಗೆ ತಿಳಿಸಿ. ಜೋತುಬಿದ್ದ ಮಾಸಿಗೆ ಕಲ್ಲು, ಹಳೆಯ ಚಪ್ಪಲಿ ಕಟ್ಟುವುದನ್ನು ಈಗಲೂ ನೋಡುತ್ತೇನೆ. ಅದರಿಂದ ಗರ್ಭಕೋಶಕ್ಕೆ ಗಾಯವಾಗಿ ಕೀವು ಕಟ್ಟುತ್ತದೆ. ಮುಂದಿನ ಬೆದೆಯಲ್ಲಿ ಲೋಳೆ ತಿಳಿಯಾಗಿರದೆ ಬೆಳ್ಳಗೆ ಮಜ್ಜಿಗೆಯಂತಿದ್ದರೆ, ದುರ್ನಾತವಿದ್ದರೆ ಆ ಸಲ ಸೂಜಿ ಬೇಡ, ಮೊದಲು ಚಿಕಿತ್ಸೆ ಆಗಲಿ.

ಮೂರು ಸೂಜಿಗೂ ನಿಲ್ಲದಿದ್ದರೆ

ಎಲ್ಲವೂ ಸರಿಯಿದ್ದರೂ ಪ್ರತಿ ಸೂಜಿಗೆ ಗಬ್ಬ ನಿಲ್ಲುವುದಿಲ್ಲ. ಎರಡು ಸೂಜಿಗೆ ಒಂದು ಗಬ್ಬವಾದರೆ ಒಳ್ಳೆಯ ಫಲವೇ. ಸರಿಯಾದ ಹೊತ್ತಿಗೆ ಮೂರು ಸಲ ಹಾಕಿಸಿಯೂ ದನ ತಿರುಗಿ ಬೆದೆಗೆ ಬಂದರೆ ನಾಲ್ಕನೆಯ ಸೂಜಿಗೆ ಮೊದಲು ಡಾಕ್ಟರಿಂದ ಪರೀಕ್ಷೆ ಮಾಡಿಸಿ. ಅಂಡಾಶಯದಲ್ಲಿ ನೀರುಗುಳ್ಳೆ, ಅಂಡ ತಡವಾಗಿ ಬೀಳುವುದು, ಒಳಗಿನ ಸೋಂಕು ಇವುಗಳಿಗೆ ಬೇರೆಬೇರೆ ಚಿಕಿತ್ಸೆ ಇದೆ.

"ಸೂಜಿ ಹಿಡಿಯಲಿಲ್ಲ, ಊರ ಹೋರಿಗೆ ಬಿಟ್ಟೆವು" ಎನ್ನುವವರಿದ್ದಾರೆ. ದೀಪಾವಳಿಯ ಹೋರಿ ಹಬ್ಬದಲ್ಲಿ ಹೆಸರು ಮಾಡಿದ ಹೋರಿಯ ಮೇಲಿನ ಅಭಿಮಾನ ತಪ್ಪಲ್ಲ. ಆದರೆ ಪರೀಕ್ಷೆಯಾಗದ ಒಂದು ಹೋರಿ ಹತ್ತು ಮನೆಯ ಆಕಳುಗಳಿಗೆ ಜನನಾಂಗದ ರೋಗ ಹಂಚಬಲ್ಲದು. ಐದು ತಿಂಗಳ ನಂತರ ಕಂದು ಹಾಕಿದರೆ ಕಂದುರೋಗದ, ಅಂದರೆ ಬ್ರುಸೆಲ್ಲಾದ, ಶಂಕೆ ಇರಲಿ. ಇದು ಮನುಷ್ಯರಿಗೂ ಅಂಟುತ್ತದೆ. ಬಿದ್ದ ಕಂದನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಆಳವಾಗಿ ಹೂಳಿರಿ, ಹಾಲು ಕಾಯಿಸದೆ ಕುಡಿಯಬೇಡಿ. ಹೆಣ್ಣುಗರುಗಳಿಗೆ 4ರಿಂದ 8 ತಿಂಗಳೊಳಗೆ ಒಮ್ಮೆ ಲಸಿಕೆ ಹಾಕಿಸಿದರೆ ಸಾಕು.

ಜ್ವರ ತರುವ ರೋಗಗಳೂ ಗರ್ಭಕ್ಕೆ ಶತ್ರುಗಳೇ. 2022ರಲ್ಲಿ ಚರ್ಮಗಂಟು ರೋಗ ಹಾವೇರಿ ಜಿಲ್ಲೆಯಲ್ಲಿ ಹಬ್ಬಿದಾಗ ಬದುಕುಳಿದ ಎಷ್ಟೋ ದನಗಳು ತಿಂಗಳುಗಟ್ಟಲೆ ಬೆದೆಗೆ ಬಾರದ್ದನ್ನು ನಾವು ಕಂಡಿದ್ದೇವೆ. ಕಾಲುಬಾಯಿ ಬೇನೆ ಹಾಗೂ ಚರ್ಮಗಂಟು ಲಸಿಕೆಯನ್ನು ತಪ್ಪಿಸಬಾರದು.

ಸೂಜಿ ಹಾಕುವವರ ಹೊಣೆ

ನಮ್ಮ ಕಡೆಯ ತಪ್ಪನ್ನೂ ಹೇಳದಿದ್ದರೆ ನ್ಯಾಯವಾಗದು. ಕೃತಕ ಗರ್ಭಧಾರಣೆ ಹೊಸದೇನಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯಾದ ಇವಾನೊವ್ ಇದನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದ್ದು ಕುದುರೆಗಳಲ್ಲಿಯೇ. ನಮ್ಮ ದೇಶದಲ್ಲಿ ಇದು ಮೊದಲು ಆದದ್ದು 1939ರಲ್ಲಿ, ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ, ಡಾ. ಸಂಪತ್ ಕುಮಾರನ್ ಅವರ ಕೈಯಿಂದ. ಇಂದು ವೀರ್ಯ ಹುಲ್ಲುಕಡ್ಡಿಯಂಥ ಸ್ಟ್ರಾದಲ್ಲಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಬರುತ್ತದೆ. ಅದನ್ನು ತೆಗೆದು 37 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಇಟ್ಟು, ಒರೆಸಿ, ತಡಮಾಡದೆ ಹಾಕಬೇಕು. ಸ್ಟ್ರಾವನ್ನು ಜೇಬಿನಲ್ಲಿಟ್ಟುಕೊಂಡು ಬಂದರೆ, ಕೈಯಲ್ಲಿ ತಿಕ್ಕಿ ಕರಗಿಸಿದರೆ ಕೇಳುವ ಹಕ್ಕು ನಿಮಗಿದೆ. ಬೆಚ್ಚಗಿನ ನೀರು ಕೊಡುವುದು, ದನವನ್ನು ನೆರಳಲ್ಲಿ ಕಟ್ಟಿ ಹೊಡೆಯದೆ ಬಡಿಯದೆ ಶಾಂತವಾಗಿರಿಸುವುದು ನಿಮ್ಮ ಪಾಲಿನ ಕೆಲಸ.

ಹೆಣ್ಣುಗರುವನ್ನೇ ಹೆಚ್ಚಾಗಿ ಕೊಡುವ ಲಿಂಗ ನಿರ್ಧಾರಿತ ವೀರ್ಯವೂ ಈಗ ಬಂದಿದೆ. ಸಾಮಾನ್ಯ ಸ್ಟ್ರಾದಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳಿದ್ದರೆ ಇದರಲ್ಲಿ ಸುಮಾರು 20 ಲಕ್ಷ ಮಾತ್ರ. ಆದ್ದರಿಂದ ಹೊತ್ತು ತಪ್ಪಿದರೆ ಇದಕ್ಕೆ ಕ್ಷಮೆಯಿಲ್ಲ. ಇದನ್ನು ಆರೋಗ್ಯವಂತ ಮಣಕಗಳಿಗೆ, ಬೆದೆಯ ಹೊತ್ತು ಖಚಿತವಾಗಿದ್ದಾಗ ಮಾತ್ರ ಹಾಕಿಸಿ.

ಗಬ್ಬದ ಪರೀಕ್ಷೆ ಮರೆಯಬೇಡಿ

ಸೂಜಿ ಹಾಕಿಸಿ ಬೆದೆಗೆ ಬರಲಿಲ್ಲವೆಂದರೆ ಗಬ್ಬವೆಂದೇ ತಿಳಿಯುವುದು ಒಂದು ತಪ್ಪು. ಬೆದೆಯ ಲಕ್ಷಣ ಕಂಡಿತೆಂದರೆ ಗಬ್ಬವಿಲ್ಲವೆಂದೇ ತಿಳಿಯುವುದು ಇನ್ನೊಂದು. ಗಬ್ಬದ ಆಕಳುಗಳಲ್ಲಿ ಕೆಲವು ನಡುವೆ ಬೆದೆಯಂತೆ ತೋರಿಸುವುದುಂಟು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ವಿಧವೆ ತಾಯಿಯ ಒಂದೇ ಆಕಳಿಗೆ ಸೂಜಿ ಹಾಕಿದೆ. "ಮೂರು ತಿಂಗಳ ಹಿಂದೆ ಹಾಕಿಸಿದ್ದೆ, ಮತ್ತೆ ಒದರಾಕ ಹತ್ತೇತಿ" ಎಂದರು. ಕೈಯಲ್ಲಿ ಇನ್ನೂ ಆರು ಮನೆ ಬಾಕಿ ಇದ್ದವು. ಗರ್ಭಕೋಶವನ್ನು ಸರಿಯಾಗಿ ಮುಟ್ಟಿ ನೋಡದೆ ಅವಸರದಲ್ಲಿ ಹಾಕಿ ಬಂದೆ. ಒಂದು ವಾರದೊಳಗೆ ಆ ಆಕಳು ಅಂಗೈ ಅಗಲದ ಕಂದು ಹಾಕಿತು. ಅದು ಗಬ್ಬವಾಗಿಯೇ ಇತ್ತು. ಆ ತಾಯಿ ನನ್ನನ್ನು ಬೈಯಲಿಲ್ಲ. "ನನ್ನ ಹಣೆಬರಹ" ಎಂದರು. ಅದು ಹಣೆಬರಹವಾಗಿರಲಿಲ್ಲ, ಎರಡು ನಿಮಿಷದ ಪರೀಕ್ಷೆ ತಪ್ಪಿದ್ದಾಗಿತ್ತು. ಅಂದಿನಿಂದ ಹಿಂದಿನ ಸೂಜಿಯ ತಾರೀಖು ಕೇಳದೆ, ಕೈ ಹಾಕಿ ನೋಡದೆ ನಾನು ಸ್ಟ್ರಾ ತೆಗೆಯುವುದಿಲ್ಲ. ನಿಮ್ಮ ಮನೆಗೆ ಬಂದವರು ಕೇಳದಿದ್ದರೆ ನೀವೇ ಹೇಳಿರಿ.

ಸೂಜಿ ಹಾಕಿಸಿದ ಎರಡೂವರೆ ತಿಂಗಳಿಗೆ ತಪ್ಪದೆ ಗಬ್ಬದ ಪರೀಕ್ಷೆ ಮಾಡಿಸಿ. ಗಬ್ಬವಿದ್ದರೆ ಈಯುವ ತಾರೀಖು ಗೊತ್ತಾಗುತ್ತದೆ, ಇಲ್ಲದಿದ್ದರೆ ವ್ಯರ್ಥ ಕಾಯುವುದು ತಪ್ಪುತ್ತದೆ. ಸಂತೆಗೆ ಹೊಡೆಯುವ ಮುನ್ನವಂತೂ ಪರೀಕ್ಷೆ ಆಗಲೇಬೇಕು.

ತಾರೀಖು ಬರೆದಿಡಿ

ಮೇಲೆ ಹೇಳಿದ್ದೆಲ್ಲ ಮರೆತರೂ ಇದೊಂದನ್ನು ನೆನಪಿಡಿ. ಗ್ವಾದಲಿಯ ಮೇಲಿನ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ. ಈದ ದಿನ, ಬೆದೆ ಕಂಡ ದಿನ ಮತ್ತು ಹೊತ್ತು, ಸೂಜಿ ಹಾಕಿಸಿದ ದಿನ, ಈ ಮೂರನ್ನು ಬರೆಯಿರಿ. ಬೆದೆ ಕಂಡ ದಿನದಿಂದ 18ನೆಯ ದಿನಕ್ಕೆ ಒಂದು ಗೆರೆ, 24ನೆಯ ದಿನಕ್ಕೆ ಒಂದು ಗೆರೆ ಎಳೆಯಿರಿ. ಆ ಎರಡು ಗೆರೆಗಳ ನಡುವಿನ ದಿನಗಳಲ್ಲಿ ನಸುಕಿಗೆ ಎದ್ದು ದನ ನೋಡಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಿರಿ.

ಸಂಘದಲ್ಲಿ ಹಾಲಿನ ಲೆಕ್ಕ ಹತ್ತು ಮಿಲಿ ತಪ್ಪಿದರೂ ನಾವು ಬಿಡುವುದಿಲ್ಲ. ಆ ಹಾಲು ಬರುವುದು ಕರುವಿನಿಂದ, ಕರು ಬರುವುದು ಆ ಒಂದು ಹೊತ್ತಿನಿಂದ. ಅದರ ಲೆಕ್ಕವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಇಟ್ಟರೆ ಗೊಡ್ಡೆಂದು ಸಂತೆಗೆ ಹೊರಟ ಎಷ್ಟೋ ದನಗಳು ನಿಮ್ಮ ಕೊಟ್ಟಿಗೆಯಲ್ಲೇ ಈಯುತ್ತವೆ.